ಕಬ್ಬಿಣ ಹೊರಗಿಡಿ

ಗೇಟಿನ ಹಲಗೆಯಲ್ಲಿ ಬರೆದದ್ದು ನಾನೇ:
ಕಬ್ಬಿಣ ಹೊರಗಿಡಿ.
ಬೀಗದ ಕೈ, ಬೆಲ್ಟು, ಕೊಡೆ, ಕೂದಲ ಪಿನ್ನು.
ಮದುವೆಮನೆಯಿಂದ ನೇರ ಬಂದ ಬೆಳ್ಯಪ್ಪನವರು
ನಡುಪಟ್ಟಿಯಿಂದ ಪೀಚೆಕತ್ತಿ ಬಿಚ್ಚಿ
ಕಾಫಿ ಗಿಡದ ಕವಲಿಗೆ ಸಿಕ್ಕಿಸಿ ನಕ್ಕರು:
'ನಮ್ಮ ಮನೆಯವರಿಂದ ಇದನ್ನು ಬಿಚ್ಚಿಸಿದವರು
ನೀವೇ ಮೊದಲು. ಅದೂ ಒಂದು ಸೂಜಿಗಾಗಿ.'

ಸೂಜಿ ಅನ್ನುವುದು ಮಾತಿಗೆ.
ಹಲಸಿನ ಹಲಗೆ, ತಾಮ್ರದ ಮೊಳೆ, ಒಳಗೆ ಕತ್ತಲು,
ಕೂದಲಿಗಿಂತ ಸಣ್ಣ ಎಳೆಯಲ್ಲಿ
ತೂಗುವ ಅಯಸ್ಕಾಂತದ ಚೂರು,
ಅದರ ಬೆನ್ನಿನ ಕನ್ನಡಿಯಿಂದ ಜಾರಿ
ಗೋಡೆಯ ಮೇಲೆ ಕೂತ ಬೆಳಕಿನ ಚುಕ್ಕಿ.
ಸೂರ್ಯ ಕೆಮ್ಮಿದರೆ ಎರಡು ದಿನ ತಡವಾಗಿ
ಇಲ್ಲಿ, ಮಾಲ್ದಾರೆಯಲ್ಲಿ, ಚುಕ್ಕಿ ನಡುಗುತ್ತದೆ.

ಬೆಳ್ಯಪ್ಪನವರದು ಮಳೆಪುಸ್ತಕ.
ಅವರಜ್ಜನ ಕಾಲದಿಂದ ದಿನ ತಪ್ಪದೆ
ಇಷ್ಟು ಇಂಚು, ಇಷ್ಟು ಸೆಂಟು.
ಎಡಪುಟ ತಮಗಿಟ್ಟುಕೊಂಡು
ಬಲಪುಟ ನನಗೆ ಬಿಟ್ಟಿದ್ದಾರೆ:
'ನಿಮ್ಮದೂ ಹವಾಮಾನ ತಾನೆ?'

ಹೌದು, ಹವಾಮಾನವೇ. ಆದರೆ ಮೋಡವಿಲ್ಲ, ಗುಡುಗಿಲ್ಲ.
ಮೇಲಿನ ಗಾಳಿ ಹಬೆಯಲ್ಲಿಟ್ಟ ಕಡಂಬಿಟ್ಟಿನಂತೆ ಉಬ್ಬಿ
ತಗ್ಗಿನಲ್ಲಿ ಸುತ್ತುವ ಉಪಗ್ರಹಗಳ ಕಾಲೆಳೆಯುತ್ತದೆ.
ಎಲ್ಲೋ ಒಂದು ಸೊನ್ನೆ ತಾನಾಗಿ ಒಂದಾಗುತ್ತದೆ.
ನಕ್ಷತ್ರ ನೋಡಿ ದಿಕ್ಕು ಹಿಡಿಯುವ ಕಣ್ಣಿಗೆ
ಇಲ್ಲದ ನೂರು ನಕ್ಷತ್ರ ಕಾಣಿಸಿ
ಅದು ತಲೆ ತಿರುಗಿ ಎತ್ತಲೋ ನೋಡುತ್ತದೆ.
ತಡೆಯುವುದು ಯಾರ ಕೈಯಲ್ಲೂ ಇಲ್ಲ.
ಬರುತ್ತಿದೆ ಎನ್ನಬಹುದು, ಅಷ್ಟೆ.

ಫೆಬ್ರವರಿ ಕೊನೆ. ಹೂಮಳೆಗೆ ಮೊಗ್ಗು ಕಾದು ಕೂತ ರಾತ್ರಿ.
ಒಂದು ಐವತ್ತಕ್ಕೆ ಚುಕ್ಕಿ ಹಾರಿತು.
ಫೋನಿಗೆ ಕೈ ಹಾಕಿ ತಡೆದೆ.
ಬಿರುಗಾಳಿ ಹೀಗೆ ಹೆಜ್ಜೆ ಹಾಕುವುದಿಲ್ಲ.
ಹೊರಗೆ ಬೈನೆ ಮರ ಮುರಿದ ಸದ್ದು.
ಮೋಟುಬಾಲದವಳು, ಕೊರಳಲ್ಲಿ ಇಲಾಖೆ ಕಟ್ಟಿದ ಕಾಲರು,
ಬ್ಯಾಟರಿ, ಬೋಲ್ಟು, ಕಬ್ಬಿಣ.
ಹಲಗೆ ಓದದೆ ಒಳಬಂದಿದ್ದಾಳೆ.
ಬಲಪುಟದಲ್ಲಿ ಬರೆದೆ: ೧.೫೦, ಆನೆ. ಬೆಳಿಗ್ಗೆ ಹೊಡೆದುಹಾಕುವುದು.

ಮೂರೂ ಇಪ್ಪತ್ತಕ್ಕೆ ನಿಜವಾದದ್ದು ಬಂತು.
ಚುಕ್ಕಿ ಸದ್ದಿಲ್ಲದೆ ಒಂದೇ ಸಮ ಮೇಲೇರಿ
ಗೋಡೆ ಬಿಟ್ಟು ಜಂತಿಗೆ ಹೋಯಿತು.
ಹಾಸನದ ರಾತ್ರಿಪಾಳಿಯ ಹುಡುಗ ಕೇಳಿದ,
'ಗಟ್ಟಿಯಾ ಮೇಡಂ?'
'ಗಟ್ಟಿ. ಮಲಗಿಸು.'
ಒಂದೊಂದಾಗಿ ಮಲಗಿಸಿದರು. ಕಣ್ಣು ಮುಚ್ಚಿಸಿ,
ಜಾಸ್ತಿ ವೋಲ್ಟಿನದೆಲ್ಲ ಆರಿಸಿ,
ಉಸಿರಿಗೆ ಬೇಕಾದಷ್ಟೇ ಬಿಟ್ಟು.

ಆರು ಗಂಟೆಗೆ ಗೇಟಿನಾಚೆ ಬೊಳಕ,
ಆನೆ ಕಾವಲಿನವನು.
ಕೈಯಲ್ಲಿ ಮೆಸೇಜಿಲ್ಲದ ಮೊಬೈಲು.
'ಸೂಜಿಯಮ್ಮ, ರಾತ್ರಿ ಎರಡರಿಂದ ಕಾಲರು ಮಾತಾಡ್ತಿಲ್ಲ.
ಏಳಕ್ಕೆ ಹೆಂಗಸರು ಮೆಣಸು ಕೊಯ್ಯೋಕೆ ಬರ್ತಾರೆ.
ತೋಡಿನ ದಾರಿಯೋ, ರಸ್ತೆ ದಾರಿಯೋ?'

ಕಾಲರಿನ ಮಾತು ಹೊತ್ತು ತರುವುದೂ
ನಾನು ಮಲಗಿಸಿದವುಗಳಲ್ಲಿ ಒಂದು.
ಎರಡಕ್ಕಲ್ಲ, ಮೂರೂವರೆಗೆ, ಎಂದು ತಿದ್ದಲು ಹೋಗಿ
ಬಾಯಿ ಮುಚ್ಚಿದೆ.
ಪುಸ್ತಕ ತೆರೆದೆ. ಹೊಡೆದುಹಾಕದ ಗೆರೆ ಹಾಗೇ ಇತ್ತು:
ಚುಕ್ಕಿ ಮೊದಲು ಪಡುವಣಕ್ಕೆ, ಆಮೇಲೆ ಮೂಡಣಕ್ಕೆ ಎಳೆದು
ಮೆಲ್ಲಗೆ ಬಿಟ್ಟಿದೆ.
'ಗುಡಿಸಲ ಬೆನ್ನಿಗೆ ಹಾದು ಮೂಡಣಕ್ಕೆ ಹೋಗಿದ್ದಾಳೆ. ತೋಡಿಗೆ.'

ಬೊಳಕ ನನ್ನನ್ನು ನಂಬಲಿಲ್ಲ.
ಬಗ್ಗಿ ಲದ್ದಿ ಮುಟ್ಟಿದ, ಬಿಸಿ ನೋಡಿದ,
ಮುರಿದ ಬೈನೆಯ ತುದಿ ಮೂಸಿದ. ಆಮೇಲೆ ನಂಬಿದ.
ಸೊಂಟದ ಕತ್ತಿ ಬಿಚ್ಚದೆಯೇ
ಗುಡಿಸಲು ಒರೆಸಿಕೊಂಡು ಲೈನ್ ಮನೆಗಳ ಕಡೆ ಓಡಿದ.

ಒಂಬತ್ತಕ್ಕೆ ಹಾಸನದಿಂದ ಫೋನು:
ಹತ್ತು ಎದ್ದವು. ಒಂದು ಇನ್ನೂ ಕರೆಗೆ ಓಗೊಟ್ಟಿಲ್ಲ,
ಮತ್ತೆ ಮತ್ತೆ ಕೂಗುತ್ತಿದ್ದಾರೆ.
ತೋಟದಾಚೆ ರಸ್ತೆಯಲ್ಲಿ
ಹೆಂಗಸರ ನಗು, ಚೀಲದ ಸದ್ದು.

ಎಡಪುಟ: ಮಳೆ ಸೊನ್ನೆ.
ಬಲಪುಟದ ಕೊನೆಯ ಸಾಲು, ಹೊಡೆದುಹಾಕದ್ದು:
೬.೧೨, ಸಣ್ಣ ನಡುಕ. ಬೊಳಕ, ಕತ್ತಿ ಸಮೇತ.